ರೂಢಿಯ ಖರ್ಚು ಯಾರ ಖಾತೆಗೆ?



ಕೋಶ ಓದಬೇಕು, ದೇಶ ನೋಡಬೇಕು ಎಂದು ಹಿರಿಯರು ಹೇಳುತ್ತಾರೆ. ಕೋಶ ಓದುವುದನ್ನು ಸಾಲೆಯಲ್ಲಿ ಕಲಿಸುತ್ತಾರೆ. ದೇಶ ನೋಡುವುದು ಹೇಗೆಂದು ಮಾತ್ರ ಯಾರೂ ಕಲಿಸುವುದಿಲ್ಲ. ಹೀಗಾಗಿ ಪರಊರಿಗೆ ಹೋಗಿಬಂದವರು ಸಾಮಾನ್ಯವಾಗಿ ಮೂರು ಮಾತುಗಳಲ್ಲಿ ಒಂದನ್ನು ಕಟ್ಟಿಕೊಂಡು ಬರುತ್ತಾರೆ. "ಅವರದೇನು ರೀತಿಯೋ, ನಮ್ಮದೇ ಚೊಲೊ" ಎಂಬುದು ಒಂದು. "ಅವರನ್ನು ನೋಡಿ ಕಲಿಯಬೇಕು, ನಮ್ಮಲ್ಲಿ ಏನದ?" ಎಂಬುದು ಇನ್ನೊಂದು. ಮೂರನೆಯದು ಓದಿಕೊಂಡವರ ಮಾತು: "ಅವರವರ ಪದ್ಧತಿ ಅವರವರಿಗೆ, ಹೇಳಲಿಕ್ಕೆ ನಾವು ಯಾರು?" ಈ ಮೂರನೆಯದು ವಿನಯದಂತೆ ಕಾಣುತ್ತದೆ. ನನಗೆ ಅದರ ಮೇಲೆಯೇ ಹೆಚ್ಚು ಗುಮಾನಿ. ಮೊದಲಿನ ಇಬ್ಬರು ಸೊಟ್ಟಗಾದರೂ ಕಣ್ಣು ಬಿಟ್ಟು ನೋಡಿರುತ್ತಾರೆ. ಮೂರನೆಯವರು ನೋಡುವ ಮೊದಲೇ ವಹಿ ಮುಚ್ಚಿರುತ್ತಾರೆ.

ಹಾಗಾದರೆ ನಾಲ್ಕು ದಿನದ ಅತಿಥಿಗೆ ಆ ಊರಿನ ರೂಢಿಯನ್ನು ತೂಗಿ ನೋಡುವ ಅಧಿಕಾರ ಉಂಟೇ? ಉಂಟಾದರೆ ಯಾವ ತಕ್ಕಡಿಯಲ್ಲಿ? ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು 2024ರ ದೀಪಾವಳಿಯಲ್ಲಿ, ಅಹಮದಾಬಾದಿನಲ್ಲಿ.

ಸೊಲ್ಲಾಪುರದಲ್ಲಿ ಬಿ.ಕಾಂ. ಓದುವಾಗ ನನ್ನ ಜೊತೆಗೆ ಒಂದೇ ಖೋಲಿಯಲ್ಲಿದ್ದ ಗೆಳೆಯನೊಬ್ಬ ಅಲ್ಲಿದ್ದಾನೆ. ಅಕ್ಕಲಕೋಟೆ ತಾಲೂಕಿನ ಒಕ್ಕಲುತನದ ಮನೆಯವನು. ಅಲ್ಲಿನ ಬಟ್ಟೆ ಪೇಟೆಯ ಒಂದು ಠೋಕ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಾನೆ. "ಬರೂದಾದ್ರ ದೀಪಾವಳಿಗೇ ಬಾರಲೇ. ಲಾಭ ಪಂಚಮಿ ಆತಂದ್ರ ಅಂಗಡಿ ತೆರೀತಾರ, ಆಮ್ಯಾಲ ನಿನ್ನ ಮಾರಿ ನೋಡಾಕೂ ನನಗ ಪುರುಸೊತ್ತು ಇರೂದಿಲ್ಲ" ಎಂದು ಪ್ರತಿ ವರ್ಷ ಫೋನು ಮಾಡುತ್ತಿದ್ದ. ಆ ವರ್ಷ ಅಮಾವಾಸ್ಯೆ ಎರಡು ದಿನ ಹಂಚಿಕೊಂಡಿತ್ತು. ದೇಶದಲ್ಲಿ ಕೆಲವರು ಅಕ್ಟೋಬರ್ 31ಕ್ಕೆ, ಕೆಲವರು ನವೆಂಬರ್ 1ಕ್ಕೆ ಲಕ್ಷ್ಮೀಪೂಜೆ ಮಾಡಿದರು. ನಾನು 31ರ ಸಂಜೆ ಮನೆಯ ಪೂಜೆ ಮುಗಿಸಿ ರಾತ್ರಿ ಗಾಡಿ ಹತ್ತಿದೆ. ಗುಜರಾತಿನವರ ಹೊಸ ವರ್ಷ ನವೆಂಬರ್ 2ಕ್ಕೆ ಇತ್ತು. ನಮಗೆ ಯುಗಾದಿ ಹೇಗೋ ಅವರಿಗೆ ಕಾರ್ತಿಕ ಶುದ್ಧ ಪಾಡ್ಯ ಹಾಗೆ. ವಿಕ್ರಮ ಸಂವತ್ತು ಅಂದು ಬದಲಾಗುತ್ತದೆ.

ಗೆಳೆಯನ ಮನೆ ಹಳೆಯ ಪಟ್ಟಣದ ಒಂದು ಪೋಳದಲ್ಲಿದೆ. ಪೋಳ ಎಂದರೆ ನಮ್ಮ ಓಣಿಯಂತೆಯೇ, ಆದರೆ ಬಾಯಿಗೆ ದೊಡ್ಡ ದರವಾಜೆ ಇರುವ ಓಣಿ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದಷ್ಟು ಇಕ್ಕಟ್ಟು. ಎರಡೂ ಬದಿಗೆ ಕೆತ್ತನೆ ಕೆಲಸದ ಮರದ ಮನೆಗಳು, ಮನೆ ಮುಂದೆ ಓಟಲಾ ಎಂಬ ಕಟ್ಟೆ, ಹಳೆಯ ಮನೆಗಳ ಅಂಗಳದ ಕೆಳಗೆ ಮಳೆನೀರು ಹಿಡಿಯುವ ಟಾಂಕಿ. 1411ರಲ್ಲಿ ಸುಲ್ತಾನ ಅಹಮದ್ ಶಾಹ ಕಟ್ಟಿಸಿದ ಈ ಪಟ್ಟಣವನ್ನು ಯುನೆಸ್ಕೋದವರು 2017ರಲ್ಲಿ ವಿಶ್ವ ಪರಂಪರೆಯ ನಗರಗಳ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೆ ಈ ಪೋಳಗಳೂ ದೊಡ್ಡ ಕಾರಣ.

ಪಾಡ್ಯದ ದಿನ ಇನ್ನೂ ಕತ್ತಲಿರುವಾಗಲೇ ಓಣಿಯಲ್ಲಿ "ಸಬರಸ! ಸಬರಸ!" ಎಂದು ಹುಡುಗರ ಕೂಗು ಕೇಳಿತು. ಎದ್ದು ನೋಡಿದರೆ ಉಪ್ಪು ಮಾರುವ ಬಡ ಹುಡುಗರು. ಹೊಸ ವರ್ಷದ ಮೊದಲ ಖರೀದಿ ಉಪ್ಪೇ ಆಗಬೇಕಂತೆ. ಉಪ್ಪಿಲ್ಲದೆ ಯಾವ ರುಚಿಯೂ ಇಲ್ಲವಾದ್ದರಿಂದ ಅದಕ್ಕೆ ಆ ಹೆಸರು. ಯಾವ ಮನೆಯವರೂ ಚೌಕಾಸಿ ಮಾಡಲಿಲ್ಲ. ವರ್ಷವಿಡೀ ಕಿಮ್ಮತ್ತು ಮಾಡದೆ ಒಂದು ಗುಂಡಿಯನ್ನೂ ಕೊಳ್ಳದ ವ್ಯಾಪಾರಸ್ಥರ ಕೇರಿ ಅದು. ಹಬ್ಬದ ಮೊದಲ ಶುಭ ಹೊತ್ತು ತರುವವನು ಬರಿಗಾಲಿನ ಬಡ ಹುಡುಗ ಎಂಬ ಏರ್ಪಾಟು ನನಗೆ ಬಹಳ ಹಿಡಿಸಿತು.

ಬೆಳಗಾಯಿತೆಂದರೆ ಎಲ್ಲರ ಬಾಯಲ್ಲೂ "ಸಾಲ್ ಮುಬಾರಕ್". ಹಿಂದೂಗಳು, ಜೈನರು ತಮ್ಮ ಹಬ್ಬದ ಹಾರೈಕೆಗೆ ಪಾರಸಿ, ಅರಬಿ ಮಾತುಗಳನ್ನು ಇಟ್ಟುಕೊಂಡಿದ್ದಾರೆ, ಅದನ್ನು ಯಾರೂ ಬೇರೆಯವರದೆಂದು ಎಣಿಸುವುದಿಲ್ಲ. ಕನ್ನಡದ ಕಿವಿಗೆ ಮಾತ್ರ ತುಸು ತ್ರಾಸು. ಹೊಸ ವರ್ಷದ ದಿನ ಎದುರಿಗೆ ಬಂದವರೆಲ್ಲ ಕೈಮುಗಿದು "ನಿಮ್ಮ ಸಾಲಕ್ಕೆ ಅಭಿನಂದನೆ" ಅಂದರೆ ಒಕ್ಕಲಿಗನ ಮಗ ಏನು ತಿಳಿಯಬೇಕು? ಗೆಳೆಯನೂ ಮೊದಲ ವರ್ಷ ಬೆಚ್ಚಿದ್ದನಂತೆ. ಅಂದು ಮನೆಯಿಂದ ಮನೆಗೆ ಹೋಗುತ್ತಾರೆ, ಹಿರಿಯರ ಕಾಲು ಮುಟ್ಟುತ್ತಾರೆ, ಮುಖವಾಸ ಬಾಯಿಗೆ ಹಾಕಿಕೊಳ್ಳುತ್ತಾರೆ. ಮಾತು ಬಿಟ್ಟವರ ಮನೆಗೂ ಅಂದು ಹೋಗಬಹುದು, ಮೊದಲು ಯಾರು ಮಾತಾಡಿದರು ಎಂಬ ಪ್ರಶ್ನೆ ಏಳುವುದಿಲ್ಲ. ನಾವು ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವುದೂ ಇದೇ ಉಪಾಯ.

ಅಂಗಡಿಯ ಹೊಸ ವಹಿಗಳನ್ನೂ ತೋರಿಸಿದ. ನಾವು ಕಿರ್ದಿ ಅನ್ನುವುದನ್ನು ಅವರು ರೋಜಮೇಳ ಅನ್ನುತ್ತಾರೆ. ಮೊದಲ ಪುಟದಲ್ಲಿ "ಶ್ರೀ" ಅಕ್ಷರವನ್ನು ಒಂದು, ಎರಡು, ಮೂರು ಎಂದು ಗೋಪುರದಂತೆ ಬರೆದು ಶುಭ, ಲಾಭ ಎಂದು ಬರೆಯುತ್ತಾರೆ. ಜೈನ ವರ್ತಕರು ಗೌತಮ ಸ್ವಾಮಿಯ ಲಬ್ಧಿ, ಅಭಯಕುಮಾರನ ಬುದ್ಧಿ, ಬಾಹುಬಲಿಯ ಬಲ ಸಿಗಲಿ ಎಂದೂ ಬರೆಯುವುದುಂಟು. ಶ್ರವಣಬೆಳಗೊಳದ ನಮ್ಮ ಬಾಹುಬಲಿ ಅಲ್ಲಿ ಖಾತೆ ಪುಸ್ತಕದಲ್ಲಿ ಕುಳಿತಿದ್ದಾನೆ! ಆದಾಯ ತೆರಿಗೆಗೆ 1989ರಿಂದ ಎಲ್ಲರೂ ಮಾರ್ಚ್ 31ಕ್ಕೇ ವರ್ಷ ಮುಗಿಸಬೇಕು. ಲೆಕ್ಕವೆಲ್ಲ ಗಣಕಯಂತ್ರದೊಳಗೆ ಸೇರಿಯೂ ಬಹಳ ವರ್ಷವಾಯಿತು. ಆದರೂ ಕೆಂಪು ಬಟ್ಟೆಯ ವಹಿ ತಪ್ಪಿಲ್ಲ, ಅದರ ಪಕ್ಕದಲ್ಲಿ ಗಣಕಯಂತ್ರಕ್ಕೂ ಕುಂಕುಮ ಹಚ್ಚುತ್ತಾರೆ.

ಊಟದ ಮಾತಿಗೆ ಬಂದರೆ ಅಲ್ಲಿ "ಆಗ್ರಹ" ಎಂಬ ಪದವಿದೆ. ನಮ್ಮಲ್ಲಿ ಆಗ್ರಹವನ್ನು ಸರಕಾರದ ಮುಂದೆ ಮಾಡುತ್ತೇವೆ, ಅವರು ತಾಟಿನ ಮುಂದೆ ಮಾಡುತ್ತಾರೆ. ನೆರೆಮನೆಯ ಹಿರಿಯರು ನಮ್ಮನ್ನು ಊಟಕ್ಕೆ ಕರೆದಿದ್ದರು. ಬೆಲ್ಲ ಹಾಕಿದ ಸಿಹಿ ಬೇಳೆ, ತುಪ್ಪ ಸವರಿದ ತೆಳ್ಳನೆಯ ರೋಟಲಿ, ಮೇಲೆ ಮೇಲೆ ಬಡಿಸುವುದೇ. ನಮ್ಮಲ್ಲಿ ತಾಟಿನೊಳಗೆ ಒಂದು ಅಗಳು ಬಿಡಬಾರದು, ಅವರಲ್ಲಿ ಅತಿಥಿಯ ತಾಟು ಖಾಲಿ ಬಿಡಬಾರದು. ಈ ಎರಡು ಧರ್ಮಗಳ ನಡುವೆ ಸಿಕ್ಕ ಹೊಟ್ಟೆಯ ಗತಿಯನ್ನು ವಿವರಿಸುವುದಿಲ್ಲ. ಆದರೆ ಆ ಒಂದು ತಾಸು ಒಳಮನೆಯಿಂದ ಬಿಸಿ ರೋಟಲಿ ಬರುತ್ತಲೇ ಇತ್ತು. ಬಡಿಸಿದವರು ಹಿರಿಯರು, ಮಾತಾಡಿದವರು ನಾವು, ಬೇಯಿಸಿದವರ ಮುಖ ಕಾಣಲಿಲ್ಲ. ಹೊರಬಂದ ಮೇಲೆ ನಮ್ಮ ವೈನಿ ಸಣ್ಣದಾಗಿ ಹೇಳಿದರು: "ಅಣ್ಣಾರ, ಆ ಮನಿ ಸೊಸಿ ಉಂಡಾಗ ಮೂರು ಹೊಡದಿತ್ತು ನೋಡ್ರಿ." ನಮ್ಮ ಮನೆಗಳಲ್ಲಿ ಅತಿಥಿ ಬಂದಾಗ ಮೂರಕ್ಕೆ ಮುಂಚೆ ಯಾರು ಉಣ್ಣುತ್ತಾರೆ ಎಂದು ನಾನು ಮರುಪ್ರಶ್ನೆ ಕೇಳಲಿಲ್ಲ.

ಮುಂದಿನದನ್ನು ನೋಡುವ ಬಗೆ ನನಗೆ ಹೊಳೆದದ್ದು ಆ ಮಾತಿನಿಂದಲೇ. ವಾಣಿಜ್ಯ ಓದಿದವರಿಗೆ ಮೊದಲ ದಿನ ಕಲಿಸುವ ಪಾಠವೊಂದಿದೆ. ಜಮಾ ಬಂದದ್ದಕ್ಕೆಲ್ಲ ಎಲ್ಲಿಯೋ ಒಂದು ಖರ್ಚು ಇದ್ದೇ ಇರಬೇಕು. ಕಾಣದಿದ್ದರೆ ಬರೆದಿಲ್ಲ ಎಂದರ್ಥ. ಅತಿಥಿಗೆ ಕಾಣುವುದು ರೂಢಿಯ ಜಮಾ ಪುಟ. ಅದರ ಖರ್ಚು ಯಾರ ಖಾತೆಗೆ ಬಿದ್ದಿದೆ ಎಂದು ಕೇಳಿದರೆ ಅದು ಆತಿಥ್ಯಕ್ಕೆ ದ್ರೋಹವಲ್ಲ. ಅದನ್ನು ಕೇಳುವ ಮಟ್ಟಿಗೆ ಅತಿಥಿಗೂ ಅಧಿಕಾರವುಂಟು ಎಂಬುದು ನನ್ನ ಅಭಿಪ್ರಾಯ.

ಪೋಳದ ಚೌಕದಲ್ಲಿ ಚಬೂತರಾ ಎಂಬ ಕಂಬವಿದೆ. ಮೇಲೆ ಗೂಡು, ಅದರೊಳಗೆ ಹಕ್ಕಿಗಳಿಗೆ ದಿನಾ ಕಾಳು, ನೀರು. ಬೆಳೆ ಹಾಲುಗಾಳು ಕಟ್ಟುವಾಗ ಅಟ್ಟಣೆ ಹತ್ತಿ ಕವಣೆ ಬೀಸುವ ನಮ್ಮ ರೈತ ಬಾಂಧವರಿಗೆ ಇದು ಸೋಜಿಗವಾದೀತು. ಅಲ್ಲಿನ ಪಾಂಜರಾಪೋಳವೂ ಹಳೆಯದು, ಮುದಿ ದನ, ಗಾಯಗೊಂಡ ಹಕ್ಕಿಗಳಿಗೆ ಆಸರೆ. ಇವೆಲ್ಲಕ್ಕೆ ಹಣ ಎಲ್ಲಿಂದ? ಪ್ರತಿ ವ್ಯಾಪಾರಕ್ಕೂ ಒಂದು ಮಹಾಜನ, ಅಂದರೆ ವರ್ತಕರ ಕೂಟ, ಇರುತ್ತಿತ್ತು. ಜಗಳ ಬಗೆಹರಿಸುವುದು, ರಜೆ ನಿಶ್ಚಯಿಸುವುದು, ವ್ಯವಹಾರದ ಮೇಲೆ ಇಂತಿಷ್ಟು ಲಾಗಾ ಎತ್ತಿ ಧರ್ಮಕ್ಕೆ ಕೊಡುವುದು ಅದರ ಕೆಲಸ. ಒಳ್ಳೆಯ ಏರ್ಪಾಟೇ. ಆದರೆ ಅದೇ ಊರಿನಲ್ಲಿ ಜನವರಿ 14ರ ಉತ್ತರಾಯಣಕ್ಕೆ ಗಾಜಿನ ಪುಡಿ ಸವರಿದ ದಾರದಿಂದ ಗಾಳಿಪಟ ಹಾರಿಸಿ ಲೆಕ್ಕವಿಲ್ಲದಷ್ಟು ಹಕ್ಕಿಗಳ ರೆಕ್ಕೆ ಕತ್ತರಿಸುತ್ತಾರೆ. ನೈಲಾನ್ ದಾರಕ್ಕೆ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧ ಹಾಕಿತು. ಗಾಯವಾದ ಹಕ್ಕಿಗಳ ಚಿಕಿತ್ಸೆಗೆ ಸರಕಾರವೇ ಹಬ್ಬದ ದಿನಗಳಲ್ಲಿ ಅಭಿಯಾನ ನಡೆಸುತ್ತದೆ. ಕಾಳು ಹಾಕಿದ ಕೈಯೂ ದಾರ ಎಳೆದ ಕೈಯೂ ಒಂದೇ ಪೋಳದ್ದು.

ನಗುವ ಮೊದಲು ನಮ್ಮ ಪೇಟೆಯ ಕಡೆ ತಿರುಗೋಣ. ಹಿಂದಿನ ಅಡತಿ ಪಟ್ಟಿಗಳನ್ನು ಇಟ್ಟುಕೊಂಡ ರೈತರಿದ್ದರೆ ತೆಗೆದು ನೋಡಲಿ. ಅಡತಿ, ಹಮಾಲಿ, ತೂಕ, ಆಮೇಲೆ ಧರ್ಮಾದಾಯ. ಈ ಧರ್ಮಾದಾಯದಿಂದ ಧರ್ಮಶಾಲೆ ಎದ್ದಿವೆ, ಗೋಶಾಲೆ ನಡೆದಿವೆ, ಜಾತ್ರೆಗೆ ದಾಸೋಹ ಆಗಿದೆ. ಕಲ್ಲಿನ ಮೇಲೆ ಕೆತ್ತಿದ ಹೆಸರು ಅಂಗಡಿಯ ಸಾಹುಕಾರರದು, ಹಣ ಕಡಿತವಾದದ್ದು ರೈತನ ಪಟ್ಟಿಯಿಂದ. ಕೇಳದೆ ತೆಗೆದುಕೊಂಡ ಹಣದಿಂದ ಮಾಡಿದ ದಾನ ಯಾರ ದಾನ? ಈ ಪತ್ರಿಕೆಯನ್ನು ರೈತರೂ ಓದುತ್ತಾರೆ, ವರ್ತಕರೂ ಓದುತ್ತಾರೆ. ಇಬ್ಬರೂ ಕೂಡಿ ಉತ್ತರಿಸಲಿ ಎಂದು ಬಿಟ್ಟಿದ್ದೇನೆ.

ಮಹಾಜನ ಎಂಬ ಮಾತಿನ ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರು ನೂರಕ್ಕೆ 35ರಷ್ಟು ಪಗಾರ ಏರಿಕೆ ಕೇಳಿ ಮುಷ್ಕರ ಹೂಡಿದರು. ಗಾಂಧೀಜಿ ಉಪವಾಸ ಕುಳಿತರು. ಗಿರಣಿ ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಸ್ವಂತ ಅಕ್ಕ ಅನಸೂಯಾಬೆನ್. ಎರಡು ವರ್ಷದ ಮೇಲೆ, 1920ರಲ್ಲಿ, ಕಾರ್ಮಿಕರು ತಮ್ಮ ಸಂಘ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಮಜೂರ್ ಮಹಾಜನ. ಸಾಹುಕಾರರ ಕೂಟದ ಹೆಸರನ್ನೇ ಕೂಲಿಯವರು ಎತ್ತಿಕೊಂಡರು. ಬೇರೆ ಹೆಸರು ಸಿಗಲಿಲ್ಲವೆಂದಲ್ಲ, ಆ ಮಾನ ತಮಗೂ ಸಲ್ಲಬೇಕೆಂದು.

ಇನ್ನೊಂದು ಸಂಗತಿಯಂತೂ ಗೆಳೆಯನ ಬಟ್ಟೆ ಪೇಟೆಗೇ ಸಂಬಂಧಿಸಿದ್ದು. 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊರುವ ಹೆಂಗಸರು ಮಜೂರ್ ಮಹಾಜನದ ಮಹಿಳಾ ವಿಭಾಗ ನೋಡಿಕೊಳ್ಳುತ್ತಿದ್ದ ಇಳಾ ಭಟ್ಟರ ಬಳಿ ಬಂದು, ನಮಗೆ ಸರಿಯಾದ ಕೂಲಿ ಸಿಗುತ್ತಿಲ್ಲ ಎಂದರು. ಇಳಾ ಭಟ್ಟರು ಅದನ್ನು ವೃತ್ತಪತ್ರಿಕೆಯಲ್ಲಿ ಬರೆದರು. ವರ್ತಕರಿಗೆ ಸಿಟ್ಟು ಬಂತು. ನಾವು ಗಂಟು ಹೊರುವವರಿಗೆ ನ್ಯಾಯವಾಗಿ ಕೊಡುತ್ತೇವೆ ಎಂದು ಅವರೂ ಪತ್ರಿಕೆಯಲ್ಲಿ ಬರೆಸಿದರು. ಆಗ ಮಹಿಳಾ ವಿಭಾಗದವರು ಜಗಳಕ್ಕೆ ಹೋಗಲಿಲ್ಲ. ವರ್ತಕರು ಬರೆಸಿದ್ದನ್ನೇ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಆ ಹೆಂಗಸರ ಕೈಗೆ ಕೊಟ್ಟರು. ನೀವೇ ಹೇಳಿದ್ದೀರಿ, ಅಷ್ಟು ಕೊಡಿರಿ! 1972ರಲ್ಲಿ ನೋಂದಣಿಯಾದ ಸೇವಾ ಸಂಸ್ಥೆ ಬೆಳೆದದ್ದು ಈ ಬೇರಿನಿಂದ. ಮಾಣೇಕ್ ಚೌಕಿನಲ್ಲಿ ತರಕಾರಿ ಮಾರುವ ಹೆಂಗಸರು 1980ರ ದಶಕದಲ್ಲಿ ತಮ್ಮ ಜಾಗಕ್ಕಾಗಿ ಸುಪ್ರೀಂ ಕೋರ್ಟಿನ ತನಕ ಹೋದದ್ದೂ ಇದೇ ಸಂಸ್ಥೆಯ ಬಲದಿಂದ.

ಆ ಕಾರ್ಡಿನ ಯುಕ್ತಿಯನ್ನು ನಾನು ಬಹಳ ಹೊತ್ತು ಯೋಚಿಸಿದೆ. ರೂಢಿಯನ್ನು ಹಳಿಯುವುದು ಸುಲಭ, ಹೊಗಳುವುದು ಇನ್ನೂ ಸುಲಭ. ಆ ಹೆಂಗಸರು ರೂಢಿಯನ್ನು ಅದರ ಮಾತಿಗೇ ಕಟ್ಟಿಹಾಕಿದರು. ಹೊರಗಿನಿಂದ ತಂದ ಅಳತೆಗೋಲು ಬೇಕಾಗಲಿಲ್ಲ. ಪೇಟೆಯೇ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೋ ಅದೇ ಅಳತೆ.

ಈಗ ಮನೆಯ ವಿಷಯ. ಪೋಳದ ಹಳೆಯ ಕುಟುಂಬಗಳು ಬಹುಪಾಲು ಸಾಬರಮತಿಯ ಆಚೆಗೆ ಹೊಸ ಬಡಾವಣೆಗಳಿಗೆ ಹೋಗಿವೆ. ಗೆಳೆಯ ಇರುವುದು ಕೆಳಮನೆಯಲ್ಲಿ, ಮೇಲ್ಮನೆ ದಸರೆಯಿಂದ ಖಾಲಿ. ಮಾಲೀಕರು, "ನಿನ್ನಂಥವರು ಯಾರಾದರೂ ಇದ್ದರೆ ಹೇಳು" ಎಂದಿದ್ದರು. ಅದೇ ಅಂಗಡಿಯಲ್ಲಿ ಒಡಿಶಾದ ಒಬ್ಬ ಗುಮಾಸ್ತ ಇದ್ದಾನೆ. ಪ್ರಾಮಾಣಿಕ, ಹೆಂಡತಿ ಮತ್ತು ಒಂದು ಕೂಸು, ಮನೆ ಹುಡುಕಿ ಸೋತಿದ್ದಾನೆ. ಅವನ ಹೆಸರು ಹೇಳಿದಾಗ ಮಾಲೀಕರು ಕೇಳಿದ ಮೊದಲ ಪ್ರಶ್ನೆ, ಮೀನು ತಿನ್ನುತ್ತಾನೆಯೇ?

"ಇಪ್ಪತ್ತು ವರ್ಷದ ಹಿಂದ ನನಗೂ ಇದನ್ನ ಕೇಳಿದ್ರು. ನಾವು ತಿನ್ನೂದಿಲ್ಲ ಅಂದೆ, ಕೀಲಿ ಕೊಟ್ಟರು. ನಾ ಎಂಥಾವ ಅಂತ ಯಾರೂ ಕೇಳಲಿಲ್ಲ ನೋಡು. ನನ್ನ ತಾಟು ನೋಡಿ ಮನಿ ಕೊಟ್ಟರು" ಎಂದ ಗೆಳೆಯ. ನಾನು ಸುಮ್ಮನೆ ಕೇಳಿದೆ.

ಈ ವಿಷಯದಲ್ಲಿ ಮಾಲೀಕರ ಪಕ್ಷವನ್ನೂ ಹೇಳಬೇಕು. ಮೀನಿನ ವಾಸನೆ ನನಗೂ ಆಗಿಬರುವುದಿಲ್ಲ, ನಿಮ್ಮಲ್ಲಿ ಬಹಳ ಮಂದಿಗೆ ಆಗಿಬರುವುದಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ನೆರೆಯವರ ಶುಚಿ-ರುಚಿಗೆ ಬೆಲೆ ಕೊಡಿ ಎಂದು ಕೇಳುವುದು ತಪ್ಪಲ್ಲ. ಕಾಯದೆಯೂ ಬಹಳಷ್ಟು ದೂರ ಅವರ ಕಡೆಗಿದೆ. ಅಹಮದಾಬಾದಿನದೇ ಒಂದು ಪಾರಸಿ ಸಹಕಾರಿ ಗೃಹ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯದವರಿಗೆ ಮಾತ್ರ ಇಟ್ಟುಕೊಳ್ಳುವ ಉಪವಿಧಿಯನ್ನು ಎತ್ತಿಹಿಡಿಯಿತು. ಆದರೆ ಕಾಯದೆ ಬೇಡ ಎನ್ನದ್ದೆಲ್ಲ ಸರಿ ಎಂದು ನಮ್ಮ ಮನೆಯ ಹಿರಿಯರೂ ಹೇಳಲಾರರು.

ಮುಂದೆ ಆದದ್ದೇ ಮುಖ್ಯ. ಆ ಗುಮಾಸ್ತ, "ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಬರೆದುಕೊಡುತ್ತೇನೆ" ಎಂದ. ಗೆಳೆಯ ಜಾಮೀನು ನಿಲ್ಲುತ್ತೇನೆಂದ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರಿ, ಆದರೂ ಪೋಳದವರು ಏನಂದಾರು" ಎಂದರಂತೆ. ಮೀನು ಬಿಟ್ಟ ಮೇಲೂ ಬಾಗಿಲು ತೆರೆಯಲಿಲ್ಲವಾದರೆ ಪ್ರಶ್ನೆ ಮೊದಲಿನಿಂದಲೂ ಮೀನಿನದಾಗಿರಲಿಲ್ಲ. ರೂಢಿಯು ಒಬ್ಬನಿಂದ ನಡತೆಯನ್ನು ಕೇಳಬಹುದು. ಇಂಥದ್ದು ಮಾಡು, ಇಂಥದ್ದು ಬಿಡು ಎನ್ನಬಹುದು. ಅವನು ಹೂಂ ಎಂದ ಮೇಲೂ ನೀನು ಬೇಡ ಎಂದರೆ ಅದು ಕೇಳುತ್ತಿರುವುದು ಬೇರೆ ಹುಟ್ಟನ್ನು. ಅದನ್ನು ಯಾವ ಮನುಷ್ಯನೂ ತಂದುಕೊಡಲಾರ.

ಗಡಿಯಲ್ಲಿ ಬಾಳುವ ನಮಗೆ ಇದು ಹೊಸದಲ್ಲ. ಮರಾಠಿ ಕಲಿಯಿರಿ ಎಂದರು, ಕಲಿತೆವು. ಕಾಸರಗೋಡಿನ ಕಡೆಯವರು ಮಲಯಾಳ ಕಲಿತರು, ಆದವಾನಿ, ರಾಯದುರ್ಗದವರು ತೆಲುಗು ಕಲಿತರು. ಕಲಿತ ಮೇಲೂ ಎಲ್ಲೋ ಒಂದು ಕಚೇರಿಯಲ್ಲಿ, ಎಲ್ಲೋ ಒಂದು ಪಂಕ್ತಿಯಲ್ಲಿ "ನೀವು ಕಾನಡಿ ಮಂದಿ" ಎಂದು ಅನ್ನಿಸಿಕೊಂಡವರು ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ನೋವು ಗೊತ್ತು. ಹಾಗೆಯೇ ನಮ್ಮವರು ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ, ಸೊಲ್ಲಾಪುರದ ಪೇಟೆಗಳಲ್ಲಿ ಖೋಲಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಕೇಳಲು ಬಂದ ಮಾಸ್ತರನಿಗೆ, ನರ್ಸಬಾಯಿಗೆ, ಹಮಾಲನಿಗೆ ಮೊದಲು ಕೇಳುವ ಪ್ರಶ್ನೆ ಯಾವುದು? ಅವರು ಮಡಿ, ಮಾಂಸ, ಮದ್ಯ ಎಲ್ಲದಕ್ಕೂ ನಮ್ಮ ಶರತ್ತು ಒಪ್ಪಿದ ಮೇಲೆ ನಮ್ಮ ಕೈ ಕೀಲಿಯ ಕಡೆ ಹೋಗುತ್ತದೆಯೋ, "ಮನೆಯವರನ್ನು ಕೇಳಿ ಹೇಳುತ್ತೇನೆ" ಎಂಬ ಮಾತಿನ ಕಡೆ ಹೋಗುತ್ತದೆಯೋ? ಆ ಒಂದು ಗಳಿಗೆಯಲ್ಲಿ ನಮ್ಮ ರೂಢಿ ನಡತೆಯದೋ ಹುಟ್ಟಿನದೋ ತಿಳಿದುಬಿಡುತ್ತದೆ.

"ನಾ ಏನ ಮಾಡ್ಲಿ ಹೇಳು" ಎಂದು ಹೊರಡುವ ಹಿಂದಿನ ರಾತ್ರಿ ಗೆಳೆಯ ಕೇಳಿದ. ಅವನು ಸ್ವತಃ ಬಾಡಿಗೆದಾರ. ಹೆಚ್ಚು ಎಳೆದರೆ ಅವನ ಕೀಲಿಗೂ ಸಂಚಕಾರ ಬಂದೀತು. ಸುಲಭದ ಸಲಹೆ ಕೊಡುವಂತಿರಲಿಲ್ಲ. ಕಾರ್ಡಿನ ಕಥೆಯನ್ನೇ ನೆನಪಿಸಿದೆ. ಪಾಡ್ಯದ ಬೆಳಿಗ್ಗೆ ಮಾತು ಬಿಟ್ಟವರ ಮನೆಗೂ ಹೋಗುವ ಜನ, ಉಪ್ಪಿನ ಹುಡುಗನನ್ನು ಶುಭವೆಂದು ಕರೆಯುವ ಜನ, ಹಕ್ಕಿಗೂ ಜಾಗ ಇಟ್ಟ ಪೋಳ. ಹಳಿಯುವುದು ಬೇಡ, ನೀವೇ ಹೇಳಿಕೊಳ್ಳುವುದು ಇದು, ಅಷ್ಟನ್ನು ನಡೆಸಿರಿ ಎಂದು ಮಾಲೀಕರಿಗೂ ಪೋಳದ ಹಿರಿಯರಿಗೂ ಒಮ್ಮೆ ಕೇಳಿ ನೋಡು ಎಂದೆ. ಲಾಭ ಪಂಚಮಿ ಆ ವರ್ಷ ನವೆಂಬರ್ 6ಕ್ಕೆ ಇತ್ತು. ಅಂಗಡಿಯ ಬಾಗಿಲು ತೆರೆಯುವ ಮೊದಲೇ ಆತ ಹಿರಿಯರನ್ನು ಕಂಡು ಕೇಳಿದನಂತೆ. ಇಬ್ಬರು ಹಿರಿಯರು ಆಗಬಹುದು ಎಂದರು, ಒಬ್ಬರು ಮಾತು ಬದಲಿಸಿದರು, ಮಾಲೀಕರು ನೋಡೋಣ ಎಂದರು.

ಶಿವರಾತ್ರಿಯ ಹೊತ್ತಿಗೆ ಅವನ ಫೋನು ಬಂತು. ಒಡಿಶಾದ ಗುಮಾಸ್ತ ಊರಿನ ಮೂಡಣ ಅಂಚಿನಲ್ಲಿ ಒಂದು ಖೋಲಿ ಹಿಡಿದಿದ್ದಾನೆ, ಅಂಗಡಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಮೇಲ್ಮನೆಗೆ ಇನ್ನೂ ಬೀಗವಿದೆ. ದಸರೆಯಿಂದ ಬಾಡಿಗೆ ಇಲ್ಲದೆ ಎಷ್ಟು ಹೋಯಿತು ಎಂದು ಮಾಲೀಕರು ಬಂದಾಗಲೆಲ್ಲ ಓಟಲಾದ ಮೇಲೆ ಕುಳಿತು ಲೆಕ್ಕ ಹಾಕುತ್ತಾರಂತೆ.